ಡೋಪ್ ಮಾಡಿದರೂ ಪೆಲೆಟ್‌ನಲ್ಲಿ ಕರೆಂಟ್ ಹರಿಯುತ್ತಿಲ್ಲವೇ? ಪೆರೋವ್‌ಸ್ಕೈಟ್ ಆಕ್ಸೈಡ್‌ಗಳ ದೋಷ ಹುಡುಕುವ ಬಗೆ

ಪುಡಿ ಅರೆದು, ಪೆಲೆಟ್ ಒತ್ತಿ, ಸುಟ್ಟು, ತಣ್ಣಗಾದ ಮೇಲೆ ಮೀಟರ್ ಹಚ್ಚಿದರೆ ಪುಸ್ತಕದ ಅಂಕಿ ಬರುವುದಿಲ್ಲ. ಒಮ್ಮೊಮ್ಮೆ ಏನೂ ಬರುವುದಿಲ್ಲ. ಎರಡು ಬಗೆಯ ಲೋಹ ಮತ್ತು ಆಕ್ಸಿಜನ್ ಸೇರಿದ ಹರಳುಗಳಾದ ಪೆರೋವ್‌ಸ್ಕೈಟ್ ಆಕ್ಸೈಡ್‌ಗಳ ಮೇಲೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರೆಲ್ಲ ಒಂದಲ್ಲ ಒಂದು ದಿನ ಇಲ್ಲಿಗೆ ಬಂದು ನಿಲ್ಲುತ್ತಾರೆ. ಆಗ ಮೊದಲ ಬೈಗುಳ ಬೀಳುವುದು ಡೋಪಂಟಿಗೆ, ಅಂದರೆ ಕರೆಂಟ್ ಹರಿಯಲೆಂದು ಸ್ವಲ್ಪ ಬೆರೆಸಿದ ಬೇರೆ ಲೋಹಕ್ಕೆ. ‘ಲ್ಯಾಂಥನಮ್ ಒಳಗೆ ಹೋಗಿಲ್ಲ ಸರ್’ ಅನ್ನುತ್ತಾರೆ. ಮುಂದಿನ ವಾರ 5 ಪರ್ಸೆಂಟ್ ಇದ್ದದ್ದು 10 ಆಗುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಹರಿಯುತ್ತದೆ ಎಂಬ ಲೆಕ್ಕ.

ಕಾರವಾರದ ನಮ್ಮ ಲ್ಯಾಬಿಗೆ ಸಿರ್ಸಿ, ಕುಮಟಾ ಕಡೆಯಿಂದಲೂ ಇಂಥ ಪೆಲೆಟ್‌ಗಳು ಪೊಟ್ಟಣ ಕಟ್ಟಿಕೊಂಡು ಬರುತ್ತವೆ. ಡಬ್ಬಿ ಬಿಚ್ಚುವ ಮೊದಲೇ ನಾನು ಕೇಳುವ ಪ್ರಶ್ನೆ ಒಂದೇ: ಎಷ್ಟು ಪಟ್ಟು ಕಡಿಮೆ? ಎರಡು ಪಟ್ಟೋ, ನೂರು ಪಟ್ಟೋ, ಹತ್ತು ಲಕ್ಷ ಪಟ್ಟೋ? ಎಷ್ಟು ಸೊನ್ನೆ ಕಳೆದಿದೆ ಎಂದು ಗೊತ್ತಾದರೆ ದೋಷ ಎಲ್ಲಿದೆ ಎಂಬುದು ಅರ್ಧ ಗೊತ್ತಾದಂತೆ. ಹಾಗೆ ನೋಡಿದರೆ ಡೋಪಂಟ್ ನಿಜವಾಗಿ ಒಳಗೆ ಹೋಗದೆ ಉಳಿದ ಪ್ರಸಂಗಗಳು ಕಡಿಮೆಯೇ.

ಡೋಪಿಂಗ್ ಏನು ಮಾಡುತ್ತದೆ ಎಂದು ಚುಟುಕಾಗಿ ಹೇಳಿ ಮುಂದೆ ಹೋಗೋಣ. ಪೆರೋವ್‌ಸ್ಕೈಟ್‌ನಲ್ಲಿ ಲೋಹಕ್ಕೆ ಎರಡು ಜಾಗ. ದೊಡ್ಡ ಅಯಾನಿಗೆ ಎ ಜಾಗ, ಸಣ್ಣದಕ್ಕೆ ಬಿ ಜಾಗ. ಬಿ ಸುತ್ತ ಆರು ಆಕ್ಸಿಜನ್, ಎ ಸುತ್ತ ಹನ್ನೆರಡು. ಎಲೆಕ್ಟ್ರಾನ್ ಓಡಾಡುವುದು ಬಿ, ಆಕ್ಸಿಜನ್, ಬಿ ಎಂಬ ಸಾಲಿನಲ್ಲಿ. ಸ್ಟ್ರಾನ್ಶಿಯಮ್ ಟೈಟನೇಟ್‌ನಲ್ಲಿ ಎರಡು ಪ್ಲಸ್ಸಿನ ಸ್ಟ್ರಾನ್ಶಿಯಮ್ ತೆಗೆದು ಮೂರು ಪ್ಲಸ್ಸಿನ ಲ್ಯಾಂಥನಮ್ ಇಟ್ಟರೆ ಒಂದು ಎಲೆಕ್ಟ್ರಾನ್ ಮಿಗುತ್ತದೆ. ಅದು ಡೋನರ್. ಲ್ಯಾಂಥನಮ್ ಮ್ಯಾಂಗನೈಟ್‌ನಲ್ಲಿ ಇದರ ಉಲ್ಟಾ. ಮೂರು ಪ್ಲಸ್ಸಿನ ಲ್ಯಾಂಥನಮ್ ಜಾಗಕ್ಕೆ ಎರಡು ಪ್ಲಸ್ಸಿನ ಸ್ಟ್ರಾನ್ಶಿಯಮ್ ಬಂದರೆ ಒಂದು ಮ್ಯಾಂಗನೀಸ್ ಮೂರರಿಂದ ನಾಲ್ಕು ಪ್ಲಸ್ಸಿಗೆ ಏರಬೇಕಾಗುತ್ತದೆ. ಅಲ್ಲಿ ಒಂದು ಹೋಲ್, ಅಂದರೆ ಎಲೆಕ್ಟ್ರಾನಿನ ಕೊರತೆ, ಹುಟ್ಟುತ್ತದೆ. ಅದು ಅಕ್ಸೆಪ್ಟರ್. ಇದಿಷ್ಟು ಕಾಗದದ ಮೇಲಿನ ಲೆಕ್ಕ. ಫರ್ನೇಸಿನೊಳಗೆ ಆಕ್ಸಿಜನ್ ಎಂಬ ಮೂರನೆಯ ಪಾಲುದಾರ ಇರುತ್ತದೆ. ಅದು ಈ ಲೆಕ್ಕವನ್ನು ಪೂರ್ತಿ ಬುಡಮೇಲು ಮಾಡಬಲ್ಲದು.

ಎರಡು ಪಟ್ಟು ಕಡಿಮೆ ಇದ್ದರೆ

ಇದು ದೋಷವೇ ಅಲ್ಲ ಎನ್ನುವಷ್ಟು ಸಣ್ಣದು. ಪೆಲೆಟ್‌ನ ಸಾಂದ್ರತೆ ನೋಡಿ. ಒಳಗೆ 20 ಪರ್ಸೆಂಟ್ ಖಾಲಿ ಜಾಗ ಇದ್ದರೆ ವಾಹಕತೆ ಸುಮಾರು 30 ಪರ್ಸೆಂಟ್ ಬೀಳುತ್ತದೆ. ಸುಟ್ಟಾಗ ಒಂದಕ್ಕೊಂದು ಅಂಟಿದ ಹರಳಿನ ಕಾಳುಗಳ ನಡುವಿನ ಕೊರಳು ತೆಳ್ಳಗಿದ್ದರೆ ಇನ್ನೂ ಸ್ವಲ್ಪ. ಅಳತೆಯಲ್ಲಿ ದಪ್ಪ, ಅಗಲ ತಪ್ಪಾಗಿದ್ದರೂ ಇಷ್ಟೇ ವ್ಯತ್ಯಾಸ ಬರುತ್ತದೆ. ಆದರೆ ಸಾಂದ್ರತೆ ಕಡಿಮೆ ಇತ್ತು, ಅದಕ್ಕೇ ಸಾವಿರ ಪಟ್ಟು ಕಡಿಮೆ ಬಂತು ಎಂದು ರಿಪೋರ್ಟಿನಲ್ಲಿ ಬರೆಯಬೇಡಿ. ಮುಟ್ಟಿದರೆ ಪುಡಿಯಾಗುವ ಪೆಲೆಟ್ ಅಲ್ಲದಿದ್ದರೆ ಬರೀ ರಂಧ್ರಗಳಿಂದ ಅಷ್ಟು ಬೀಳುವುದಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಚಂದದ ಪರೀಕ್ಷೆ ಇದೆ. ವಾಹಕತೆಯನ್ನು ಕೆಲ್ವಿನ್ ಉಷ್ಣತೆಯಿಂದ ಗುಣಿಸಿ ಅದರ ಲಾಗ್ ತೆಗೆಯಿರಿ. ಅದನ್ನು 1000 ಭಾಗಿಸು ಉಷ್ಣತೆಯ ಎದುರು ಗ್ರಾಫ್ ಹಾಕಿ. ಎಲೆಕ್ಟ್ರಾನ್ ಒಂದು ಅಯಾನಿನಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋಗುವ ಆಕ್ಸೈಡ್‌ಗಳಲ್ಲಿ ಇದು ನೇರ ಗೆರೆ ಆಗಬೇಕು. ಸ್ವಾಭಾವಿಕ ಲಾಗ್ ಬಳಸಿದರೆ ಗೆರೆಯ ಇಳಿಜಾರು 1.16 ಇದ್ದಾಗ ಜಿಗಿತದ ಶಕ್ತಿ 0.1 ಎಲೆಕ್ಟ್ರಾನ್ ವೋಲ್ಟ್. ಬರೀ ರಂಧ್ರ ಅಥವಾ ಅಳತೆಯ ದೋಷವಾದರೆ ಇಳಿಜಾರು ಬದಲಾಗುವುದಿಲ್ಲ, ಗೆರೆ ಪೂರ್ತಿ ಕೆಳಗೆ ಸರಿಯುತ್ತದೆ ಅಷ್ಟೇ. ಇಳಿಜಾರೇ ಬೇರೆ ಆಗಿದ್ದರೆ ವಿಷಯ ಬೇರೆ ಇದೆ.

ಹತ್ತರಿಂದ ನೂರು ಪಟ್ಟು: ಮೊದಲು ಕ್ಲಿಪ್ ನೋಡಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ಕರಾವಳಿಯಲ್ಲಿ ಜಾಸ್ತಿ ಸಿಗುವ ದೋಷ ಇದೇ.

30 ಪರ್ಸೆಂಟ್ ಸ್ಟ್ರಾನ್ಶಿಯಮ್ ಹಾಕಿದ ಲ್ಯಾಂಥನಮ್ ಮ್ಯಾಂಗನೈಟ್ ತೆಗೆದುಕೊಳ್ಳಿ. ಸುಟ್ಟ ಪೆಲೆಟ್ ಕಪ್ಪಗಿರುತ್ತದೆ. ಅದರ ವಿಶಿಷ್ಟ ರೋಧ ಕೋಣೆಯ ಉಷ್ಣತೆಯಲ್ಲಿ 0.01 ಓಮ್ ಸೆಂಟಿಮೀಟರ್ ಇದೆ ಎಂದುಕೊಳ್ಳಿ. 10 ಮಿ.ಮೀ. ಉದ್ದ, 3 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ತುಂಡು ಕತ್ತರಿಸಿದರೆ ತುದಿಯಿಂದ ತುದಿಗೆ ರೋಧ ಎಷ್ಟಾಯಿತು? ಬರೀ 0.17 ಓಮ್. ಸಾಮಾನ್ಯ ಮಲ್ಟಿಮೀಟರ್‌ನ ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದರೇ 0.2, 0.3 ಓಮ್ ತೋರಿಸುತ್ತದೆ. ಅಂದರೆ ಎರಡು ತಂತಿಯಲ್ಲಿ ಅಳೆದರೆ ನೀವು ಅಳೆಯುತ್ತಿರುವುದು ತಂತಿಯನ್ನು, ಪೆಲೆಟ್ಟನ್ನಲ್ಲ.

ಇದರ ಮೇಲೆ ಕ್ಲಿಪ್ ಬೇರೆ. ಕಾರವಾರದಲ್ಲಿ ಕಡಲು ಕಾಣುವ ಯಾವ ಲ್ಯಾಬಿಗೆ ಬೇಕಾದರೂ ಹೋಗಿ ಕ್ರೊಕೊಡೈಲ್ ಕ್ಲಿಪ್ ಒಂದನ್ನು ಬಿಡಿಸಿ ನೋಡಿ. ಹೊರಗೆ ಹೊಳೆಯುತ್ತಿರುತ್ತದೆ. ಹಲ್ಲಿನ ಒಳಬದಿಯಲ್ಲಿ ನಿಕಲ್ ಲೇಪನ ಎದ್ದು ಹೋಗಿ ಕಂದು ಹುಡಿ ಕೂತಿರುತ್ತದೆ. ತಂತಿ ಸೇರುವ ಜಾಗದಲ್ಲಿ ತಾಮ್ರ ಹಸಿರಾಗಿರುತ್ತದೆ. ಉಪ್ಪುಗಾಳಿಯ ಕೆಲಸ. ಅಂಥ ಕ್ಲಿಪ್ ಒಂದೇ ಸಾಕು, 0.17 ಓಮ್ ಹೋಗಿ 15, 20 ಓಮ್ ಆಗಲು. ಕ್ಲಿಪ್ಪನ್ನು ಬೆರಳಿನಿಂದ ಸ್ವಲ್ಪ ತಿರುಗಿಸಿ. ಓದು ಕುಣಿದರೆ ದೋಷ ಸಿಕ್ಕಿತು. ಪೆಲೆಟ್‌ನ ರೋಧ ಬೆರಳಿಗೆ ಹೆದರುವುದಿಲ್ಲ.

ಪರಿಹಾರ ನಾಲ್ಕು ತಂತಿ. ಹೊರಗಿನ ಎರಡರಲ್ಲಿ ಕರೆಂಟ್ ಕೊಡಿ, ಒಳಗಿನ ಎರಡರಲ್ಲಿ ವೋಲ್ಟೇಜ್ ಓದಿ. ವೋಲ್ಟ್‌ಮೀಟರ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಹಾಗಾಗಿ ಅದರ ಸಂಪರ್ಕದ ರೋಧ ಲೆಕ್ಕಕ್ಕೆ ಬರುವುದಿಲ್ಲ. ಮೇಲಿನ ತುಂಡಿನಲ್ಲೇ ಒಳಗಿನ ತಂತಿಗಳ ನಡುವೆ 5 ಮಿ.ಮೀ. ಬಿಟ್ಟು 100 ಮಿಲಿಆಂಪಿಯರ್ ಹರಿಸಿದರೆ 8 ಮಿಲಿವೋಲ್ಟ್ ಆಸುಪಾಸು ಬರಬೇಕು. ಸಾಮಾನ್ಯ ಮೀಟರ್‌ನ 200 ಮಿಲಿವೋಲ್ಟ್ ರೇಂಜಿನಲ್ಲಿ ಇದನ್ನು ಓದಬಹುದು. ದುಬಾರಿ ಉಪಕರಣ ಬೇಕೆಂದು ಕೈಕಟ್ಟಿ ಕೂರಬೇಕಿಲ್ಲ. ಕರೆಂಟಿನ ದಿಕ್ಕು ತಿರುಗಿಸಿ ಇನ್ನೊಮ್ಮೆ ಓದಿ ಸರಾಸರಿ ತೆಗೆಯಿರಿ. ಬಿಸಿ ತಣ್ಣನೆಯ ವ್ಯತ್ಯಾಸದಿಂದ ಹುಟ್ಟುವ ಪುಟ್ಟ ವೋಲ್ಟೇಜ್ ಕಳೆದುಹೋಗುತ್ತದೆ. ಆಮೇಲೆ ಕರೆಂಟನ್ನು ಅರ್ಧ ಮಾಡಿ. ವೋಲ್ಟೇಜೂ ಅರ್ಧ ಆಗಬೇಕು. ಆಗದಿದ್ದರೆ ಮುಂದಿನ ಅಂಕಿ ಬರೆಯಬೇಡಿ.

ಸಿಲ್ವರ್ ಪೇಸ್ಟ್ ಬಗ್ಗೆ ಒಂದು ಮಾತು. ಮ್ಯಾಂಗನೈಟ್‌ಗೆ ಬೆಳ್ಳಿ ಚೆನ್ನಾಗಿ ಹೊಂದುತ್ತದೆ. ಡೋನರ್ ಹಾಕಿದ ಬೇರಿಯಮ್ ಟೈಟನೇಟ್‌ಗೆ ಹೊಂದುವುದಿಲ್ಲ. ಅಲ್ಲಿ ಬೆಳ್ಳಿ ಮತ್ತು ಆಕ್ಸೈಡ್ ಸೇರುವ ಕಡೆ ಎಲೆಕ್ಟ್ರಾನ್‌ಗೆ ತಡೆ ಹುಟ್ಟುತ್ತದೆ. ಒಳಗೆ ಚೆನ್ನಾಗಿ ಹರಿಯುವ ಪೆಲೆಟ್ ಹೊರಗಿನಿಂದ ಇನ್ಸುಲೇಟರ್ ತರ ಕಾಣುತ್ತದೆ. ಇಂಥದಕ್ಕೆ ಇಂಡಿಯಮ್ ಗ್ಯಾಲಿಯಮ್ ಮಿಶ್ರಲೋಹವನ್ನು ಉಜ್ಜಿ ಹಚ್ಚಬೇಕು. ಕೋಣೆಯ ಉಷ್ಣತೆಯಲ್ಲೇ ಅದು ದ್ರವ, ಹತ್ತಿ ಕಡ್ಡಿಯಲ್ಲಿ ಹಚ್ಚಬಹುದು. ಸುತ್ತ ಅಲ್ಯುಮಿನಿಯಮ್ ಸಾಮಾನು ಇಡಬೇಡಿ, ಗ್ಯಾಲಿಯಮ್ ಅದನ್ನು ತಿಂದುಹಾಕುತ್ತದೆ.

ಇರಬಾರದ ಕಡೆ ಕರೆಂಟ್ ಹರಿದರೆ

ಇದು ಮಳೆಗಾಲದ ದೋಷ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈನಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಬರುತ್ತದೆ, ಪೆಲೆಟ್ ಒಣಗಿರುತ್ತದಾ? ಡೋಪ್ ಮಾಡದ ಸ್ಟ್ರಾನ್ಶಿಯಮ್ ಟೈಟನೇಟ್ ಇನ್ಸುಲೇಟರ್. ಅದರ ಬ್ಯಾಂಡ್ ಗ್ಯಾಪ್ 3.2 ಎಲೆಕ್ಟ್ರಾನ್ ವೋಲ್ಟ್. ಅದು ಕೆಲವೇ ಮೆಗಾಓಮ್ ತೋರಿಸಿದರೆ ನಂಬಬೇಡಿ. ಮೇಲ್ಮೈ ಮೇಲೆ ನೀರಿನ ತೆಳು ಪದರ ಕೂತಿರುತ್ತದೆ. ಬೆರಳಿನ ಬೆವರು, ಗಾಳಿಯ ಉಪ್ಪು ಅದಕ್ಕೆ ಸೇರಿದರೆ ಕರೆಂಟ್ ಪೆಲೆಟ್ ಒಳಗೆ ಹೋಗದೆ ಮೇಲಿನಿಂದಲೇ ಸುತ್ತಿ ಹೋಗುತ್ತದೆ.

ಕಂಡುಹಿಡಿಯುವುದು ಸುಲಭ. ಪೆಲೆಟ್ಟನ್ನು ನಿಧಾನಕ್ಕೆ 150 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡುತ್ತ ರೋಧ ಓದಿ. ಇನ್ಸುಲೇಟರ್ ಜಾತಿಯ ಆಕ್ಸೈಡ್ ಬಿಸಿಯಾದಷ್ಟೂ ರೋಧ ಇಳಿಯಬೇಕು. ಅದು ಮೊದಲು ಏರಿ, ನೂರು ಡಿಗ್ರಿ ದಾಟಿದ ಮೇಲೆ ಇಳಿಯಲು ಶುರು ಮಾಡಿದರೆ ಮೊದಲು ಓದಿದ್ದೆಲ್ಲ ನೀರಿನ ಆಟ. ಯಟ್ರಿಯಮ್ ಹಾಕಿದ ಬೇರಿಯಮ್ ಜಿರ್ಕೊನೇಟ್ ಮೇಲೆ ಕೆಲಸ ಮಾಡುವವರು ಇಲ್ಲಿ ಎರಡು ಪಟ್ಟು ಹುಷಾರಾಗಿರಬೇಕು. ಆ ವಸ್ತು ನಿಜವಾಗಿಯೂ ನೀರಾವಿ ಹೀರಿ ಪ್ರೋಟಾನ್ ಸಾಗಿಸುತ್ತದೆ. ಆದರೆ ಅದರ ನಿಜವಾದ ಆಟ ನೋಡಬೇಕಾದದ್ದು 300 ಡಿಗ್ರಿಯ ಮೇಲೆ. ಕೋಣೆಯ ಉಷ್ಣತೆಯಲ್ಲಿ ಮಳೆಗಾಲದ ದಿನ ಬಂದ ಪ್ರೋಟಾನ್ ವಾಹಕತೆಗೆ ಹಿಗ್ಗಬೇಡಿ.

ಹತ್ತು ಲಕ್ಷ ಪಟ್ಟು: ಬಿಳಿ ಪೆಲೆಟ್, ಕಪ್ಪು ಪೆಲೆಟ್

ಮೀಟರ್ ಏನನ್ನೂ ತೋರಿಸುತ್ತಿಲ್ಲ. ಕ್ಲಿಪ್ ಸರಿ ಇದೆ, ಪೆಲೆಟ್ ಒಣಗಿದೆ, ಎಕ್ಸ್‌ಆರ್‌ಡಿ (ಎಕ್ಸ್‌ರೇ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ) ಚೊಕ್ಕವಾಗಿದೆ. ವಸ್ತು 10 ಪರ್ಸೆಂಟ್ ಲ್ಯಾಂಥನಮ್ ಹಾಕಿದ ಸ್ಟ್ರಾನ್ಶಿಯಮ್ ಟೈಟನೇಟ್. ಈಗ ಕೇಳಬೇಕಾದ್ದು ಒಂದೇ: ಪೆಲೆಟ್ ಯಾವ ಬಣ್ಣ?

ಕೆನೆ ಬಣ್ಣ ಅಥವಾ ಬಿಳಿ ಅಂದರೆ ಅದನ್ನು ಗಾಳಿಯಲ್ಲಿ ಸುಟ್ಟಿದ್ದೀರಿ. ಲ್ಯಾಂಥನಮ್ ಒಳಗೆ ಹೋಗಿದೆ, ಅದರ ಮೇಲೆ ತಪ್ಪಿಲ್ಲ. ಅದು ಕೊಟ್ಟ ಎಲೆಕ್ಟ್ರಾನ್‌ಗಳನ್ನು ಗಾಳಿಯ ಆಕ್ಸಿಜನ್ ಎತ್ತಿಕೊಂಡಿದೆ. ಮಿಕ್ಕ ಪ್ಲಸ್ ಚಾರ್ಜನ್ನು ಸರಿದೂಗಿಸಲು ಹರಳು ಎಲೆಕ್ಟ್ರಾನ್ ಇಟ್ಟುಕೊಳ್ಳುವ ಬದಲು ಸ್ಟ್ರಾನ್ಶಿಯಮ್ ಜಾಗಗಳನ್ನು ಖಾಲಿ ಬಿಡುತ್ತದೆ. ಎರಡು ಲ್ಯಾಂಥನಮ್‌ಗೆ ಒಂದು ಖಾಲಿ ಸ್ಟ್ರಾನ್ಶಿಯಮ್ ಜಾಗ. ಲೆಕ್ಕ ಚುಕ್ತಾ, ಓಡಾಡುವ ಎಲೆಕ್ಟ್ರಾನ್ ಸೊನ್ನೆ. ಇಲ್ಲಿ ಡೋಪಿಂಗನ್ನು 5ರಿಂದ 10ಕ್ಕೆ, 10ರಿಂದ 20ಕ್ಕೆ ಏರಿಸಿದರೆ ಖಾಲಿ ಜಾಗಗಳು ಜಾಸ್ತಿಯಾಗುತ್ತವೆ, ಅಷ್ಟೇ. ದುಡ್ಡು ಕೊಟ್ಟು ತಂದ ಲ್ಯಾಂಥನಮ್ ಆಕ್ಸೈಡ್ ಖರ್ಚಾಗುತ್ತದೆ.

ಇದೇ ಪೆಲೆಟ್ಟನ್ನು ಆಕ್ಸಿಜನ್ ಇಲ್ಲದ, ಹೈಡ್ರೋಜನ್ ಬೆರೆತ ಅನಿಲದಲ್ಲಿ 1400 ಡಿಗ್ರಿಯ ಮೇಲೆ ಸುಟ್ಟರೆ ಕಡುನೀಲಿಯೋ ಕಪ್ಪೋ ಆಗಿ ಹೊರಬರುತ್ತದೆ. ಆಗ ಟೈಟಾನಿಯಮ್‌ನ ಒಂದು ಭಾಗ ನಾಲ್ಕು ಪ್ಲಸ್ಸಿನಿಂದ ಮೂರಕ್ಕೆ ಇಳಿದಿರುತ್ತದೆ. ಚೆನ್ನಾಗಿ ರಿಡ್ಯೂಸ್ ಆದ, ಅಂದರೆ ಹೀಗೆ ಎಲೆಕ್ಟ್ರಾನ್ ಪಡೆದ ಪೆಲೆಟ್ 800 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 100 ಸೀಮೆನ್ಸ್ ಮಟ್ಟ ಮುಟ್ಟಬಲ್ಲದು. ಅದೇ ಪುಡಿ, ಅದೇ ಡೋಪಂಟ್. ಬದಲಾದದ್ದು ಸುಟ್ಟ ಗಾಳಿ ಮಾತ್ರ. ಡೋಪಿಂಗ್ ಅಂದರೆ ಬರೀ ಏನು ಹಾಕಿದೆ ಎಂಬುದಲ್ಲ, ಯಾವ ಗಾಳಿಯಲ್ಲಿ ಸುಟ್ಟೆ ಎಂಬುದೂ ಹೌದು. ಲ್ಯಾಬ್ ನೋಟ್‌ಬುಕ್ಕಿನಲ್ಲಿ ಉಷ್ಣತೆ, ಗಂಟೆ ಎಲ್ಲ ಬರೆದು ಅನಿಲದ ಕಾಲಮ್ಮನ್ನೇ ಹಾಕದವರು ಬಹಳ ಜನ ಇದ್ದಾರೆ.

ಮಾಡುವವರಿಗೆ ಎಚ್ಚರಿಕೆ: ಹೈಡ್ರೋಜನ್ ಅನಿಲವನ್ನು ಸಾಮಾನ್ಯ ಮಫಲ್ ಫರ್ನೇಸಿಗೆ ಬಿಡಬೇಡಿ. ಅಲ್ಯುಮಿನಾ ಕೊಳವೆಯ ಟ್ಯೂಬ್ ಫರ್ನೇಸೇ ಬೇಕು. 95 ಪಾಲು ನೈಟ್ರೋಜನ್, 5 ಪಾಲು ಹೈಡ್ರೋಜನ್ ಇರುವ ರೆಡಿ ಮಿಶ್ರಣ ತರಿಸಿ. ಹೊರಬರುವ ಅನಿಲವನ್ನು ಕಟ್ಟಡದ ಹೊರಗೆ ಬಿಡಿ. ಇದ್ದಿಲ ಪುಡಿಯಲ್ಲಿ ಪೆಲೆಟ್ ಹೂತು ಮುಚ್ಚಿ ಸುಡುವ ದಾರಿಯೂ ಇದೆ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಮಳೆ ಎಂದು ಕಿಟಕಿ ಮುಚ್ಚಿ ಕೂತು ಮಾಡುವ ಕೆಲಸ ಅದಲ್ಲ.

ರಿಡ್ಯೂಸ್ ಮಾಡಿದ ಮೇಲೂ ಮೀಟರ್ ಓಡುತ್ತಿಲ್ಲವಾದರೆ ಪೆಲೆಟ್ ಒಂದನ್ನು ಮುರಿಯಿರಿ. ಬೇಜಾರು ಮಾಡಿಕೊಳ್ಳಬೇಡಿ, ಮುರಿಯದೆ ಗೊತ್ತಾಗುವುದಿಲ್ಲ. ಮುರಿದ ಅಂಚನ್ನು ಬೆಳಕಿಗೆ ಹಿಡಿದರೆ ಒಳಗೆ ಕಪ್ಪು, ಹೊರಗೆ ಉಗುರಿನ ದಪ್ಪಕ್ಕೆ ಬೂದು ಪದರ ಕಂಡೀತು. ತಣ್ಣಗಾಗುವಾಗ ಗಾಳಿ ಒಳಗೆ ನುಗ್ಗಿದೆ ಎಂದು ಅರ್ಥ. ನಮ್ಮಲ್ಲಿ ಇದಕ್ಕೆ ಮುಖ್ಯ ಕಾರಣ ಕರೆಂಟ್ ಹೋಗುವುದು. ಮಳೆಗಾಲದಲ್ಲಿ ಯಾವುದೋ ಮರದ ಕೊಂಬೆ ಲೈನಿನ ಮೇಲೆ ಬೀಳುತ್ತದೆ, ಫರ್ನೇಸ್ 1000 ಡಿಗ್ರಿಯಲ್ಲಿ ನಿಲ್ಲುತ್ತದೆ. ಹೇಗೂ ಆರಿದೆಯಲ್ಲ ಎಂದು ಯಾರೋ ಸಿಲಿಂಡರ್ ಬಂದ್ ಮಾಡುತ್ತಾರೆ. ಕೊಳವೆ ತಣಿದಂತೆ ಒಳಗಿನ ಅನಿಲ ಕುಗ್ಗಿ ಹೊರಗಿನ ಗಾಳಿಯನ್ನು, ಒಮ್ಮೊಮ್ಮೆ ಅನಿಲ ಹೊರಹೋಗುವ ದಾರಿಯ ಬಬ್ಲರಿನ ನೀರನ್ನೂ ಎಳೆದುಕೊಳ್ಳುತ್ತದೆ. ಕರೆಂಟ್ ಇರಲಿ ಬಿಡಲಿ, 200 ಡಿಗ್ರಿಗೆ ಇಳಿಯುವ ತನಕ ಅನಿಲ ಹರಿಯುತ್ತಿರಬೇಕು. ಸಿಲಿಂಡರಿನ ಮೇಲೆ ಒಂದು ಚೀಟಿ ಅಂಟಿಸಿಬಿಡಿ.

ಜಾಸ್ತಿ ಹಾಕಿದ್ದಕ್ಕೇ ಕಡಿಮೆಯಾದದ್ದು

ಬೇರಿಯಮ್ ಟೈಟನೇಟ್‌ನ ಕಥೆ ವಿಚಿತ್ರ. ಇದನ್ನು ಗಾಳಿಯಲ್ಲಿ ಸುಟ್ಟರೂ ಲ್ಯಾಂಥನಮ್ 0.1ರಿಂದ 0.3 ಪರ್ಸೆಂಟ್ ಹಾಕಿದಾಗ ಅರೆವಾಹಕ ಆಗುತ್ತದೆ, ಬಣ್ಣ ನೀಲಿಗೆ ತಿರುಗುತ್ತದೆ. 0.5 ದಾಟಿಸಿ ನೋಡಿ, ಮತ್ತೆ ಇನ್ಸುಲೇಟರ್! ಸ್ವಲ್ಪ ಇದ್ದಾಗ ಎಲೆಕ್ಟ್ರಾನ್ ಮಿಗುತ್ತದೆ, ಜಾಸ್ತಿಯಾದಾಗ ಹರಳು ಖಾಲಿ ಜಾಗಗಳ ದಾರಿ ಹಿಡಿಯುತ್ತದೆ. ಕಾಳುಗಳೂ ಸಣ್ಣದಾಗುತ್ತವೆ. ಆದ್ದರಿಂದ 1 ಪರ್ಸೆಂಟ್ ಹಾಕಿ ಓದು ಬರಲಿಲ್ಲವೆಂದು 2 ಹಾಕುವವರು ಗುರಿಯಿಂದ ದೂರ ಹೋಗುತ್ತಿದ್ದಾರೆ.

ಇಷ್ಟು ಸಣ್ಣ ಪ್ರಮಾಣದ ಡೋಪಿಂಗ್‌ಗೆ ಬಾಟಲಿಯ ಲೇಬಲ್ ಓದುವುದು ಮುಖ್ಯ. 98 ಪರ್ಸೆಂಟ್ ಶುದ್ಧ ಎಂದು ಬರೆದ ಪುಡಿಯಲ್ಲಿ 2 ಪರ್ಸೆಂಟ್ ಬೇರೆ ಏನೋ ಇದೆ. ನೀವು ಹಾಕುವ ಡೋಪಂಟ್ 0.3. ಗೆಲ್ಲುವುದು ಯಾರು? ಕಬ್ಬಿಣ, ಅಲ್ಯುಮಿನಿಯಮ್ ಎರಡೂ ಟೈಟಾನಿಯಮ್ ಜಾಗಕ್ಕೆ ಹೋಗಿ ಕೂತರೆ ಅಕ್ಸೆಪ್ಟರ್. ಡೋನರ್ ಕೊಟ್ಟ ಎಲೆಕ್ಟ್ರಾನನ್ನು ಅವು ನುಂಗುತ್ತವೆ. ಅಲ್ಯುಮಿನಾ ಒರಳಿನಲ್ಲಿ ಅರೆದರೆ ಒರಳೂ ಸ್ವಲ್ಪ ಸವೆದು ಪುಡಿಗೆ ಸೇರುತ್ತದೆ. ನೀರಿನ ವಿಷಯವೂ ಇದೆ. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗುತ್ತದೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಆ ನೀರಿನಲ್ಲಿ ಒರಳು ತೊಳೆದು ಒಣಗಿಸಿದರೆ ಸೋಡಿಯಮ್ ಉಳಿಯುತ್ತದೆ. ಒಂದು ಪ್ಲಸ್ಸಿನ ಸೋಡಿಯಮ್ ಬೇರಿಯಮ್ ಜಾಗಕ್ಕೆ ಹೋದರೆ ಅದೂ ಅಕ್ಸೆಪ್ಟರ್. ಕೊನೆಯ ತೊಳೆತ ಡಿಸ್ಟಿಲ್ಡ್ ನೀರಿನಲ್ಲೇ ಇರಲಿ.

ಒಂದು ಉಪಕಥೆ. ಸೊಳ್ಳೆ ಓಡಿಸಲು ಪ್ಲಗ್ಗಿಗೆ ಸಿಕ್ಕಿಸುವ ಮಷೀನುಗಳಲ್ಲಿ ಹಲವುದರ ಒಳಗೆ ನಾಣ್ಯದ ಆಕಾರದ ಪುಟ್ಟ ಬಿಲ್ಲೆ ಇರುತ್ತದೆ. ಅದು ಡೋಪ್ ಮಾಡಿದ ಬೇರಿಯಮ್ ಟೈಟನೇಟ್, ಪಿಟಿಸಿ ಎನ್ನುತ್ತಾರೆ. ಶುದ್ಧ ಬೇರಿಯಮ್ ಟೈಟನೇಟ್‌ನ ಕ್ಯೂರಿ ಉಷ್ಣತೆ 120 ಡಿಗ್ರಿ ಹತ್ತಿರ. ಅದನ್ನು ದಾಟಿದರೆ ಕಾಳುಗಳ ಗಡಿಯಲ್ಲಿ ತಡೆ ಎದ್ದು ರೋಧ ಸಾವಿರಾರು ಪಟ್ಟು ಏರುತ್ತದೆ, ಕರೆಂಟ್ ತಾನೇ ತಗ್ಗುತ್ತದೆ. ಸೀಸ ಸೇರಿಸಿ ಆ ಉಷ್ಣತೆಯನ್ನು ಏರಿಸುತ್ತಾರೆ, ಸ್ಟ್ರಾನ್ಶಿಯಮ್ ಸೇರಿಸಿ ಇಳಿಸುತ್ತಾರೆ. ಹಾಳಾದ ಮಷೀನ್ ಸಿಕ್ಕಿದರೆ ಈ ಬಿಲ್ಲೆ ತೆಗೆದಿಟ್ಟುಕೊಳ್ಳಿ. ನಿಮ್ಮ ಅಳತೆಯ ಸೆಟಪ್ ಸರಿ ಇದೆಯಾ ಎಂದು ನೋಡಲು ಇದಕ್ಕಿಂತ ಅಗ್ಗದ ಸ್ಯಾಂಪಲ್ ಸಿಗದು. ಬಿಸಿ ಮಾಡಿದಾಗ ರೋಧ ದಿಢೀರ್ ಏರದಿದ್ದರೆ ದೋಷ ಸೆಟಪ್ಪಿನಲ್ಲಿದೆ. ಸೀಸ ಇರಬಹುದು, ಪುಡಿ ಮಾಡಬೇಡಿ.

ತೂಕದಲ್ಲೇ ತಪ್ಪಿದರೆ

ಲ್ಯಾಂಥನಮ್ ಆಕ್ಸೈಡ್ ತೇವ ಕುಡಿಯುವ ಪುಡಿ. ಮುಚ್ಚಳ ತೆಗೆದಿಟ್ಟರೆ ಗಾಳಿಯ ತೇವ ಹೀರಿ ಹೈಡ್ರಾಕ್ಸೈಡ್ ಆಗುತ್ತದೆ, ಜೊತೆಗೆ ಕಾರ್ಬನ್ ಡೈಆಕ್ಸೈಡೂ ಸೇರುತ್ತದೆ. ಪೂರ್ತಿ ಹೈಡ್ರಾಕ್ಸೈಡ್ ಆದರೆ ತೂಗಿದ್ದರಲ್ಲಿ 14.2 ಪರ್ಸೆಂಟ್ ಬರೀ ನೀರು. ಮೇಲೆ ಹೇಳಿದ ಮ್ಯಾಂಗನೈಟ್ 10 ಗ್ರಾಂ ಮಾಡಲು ಲ್ಯಾಂಥನಮ್ ಆಕ್ಸೈಡ್ 5.036 ಗ್ರಾಂ, ಸ್ಟ್ರಾನ್ಶಿಯಮ್ ಕಾರ್ಬೊನೇಟ್ 1.956 ಗ್ರಾಂ, ಮ್ಯಾಂಗನೀಸ್ ಡೈಆಕ್ಸೈಡ್ 3.839 ಗ್ರಾಂ ಬೇಕು. ತಕ್ಕಡಿ 5.036 ತೋರಿಸಿದರೂ ಒಳಗೆ ಹೋದ ಆಕ್ಸೈಡ್ 4.32 ಮಾತ್ರ. 0.70 ಇರಬೇಕಾದ ಲ್ಯಾಂಥನಮ್ 0.60 ಆಯಿತು. ಡೋಪಿಂಗ್ 30 ಅಂದುಕೊಂಡದ್ದು 33 ಆಯಿತು. ಮಿಕ್ಕಿದ ಮ್ಯಾಂಗನೀಸ್ ಬೇರೆ ಆಕ್ಸೈಡಾಗಿ ಕಾಳುಗಳ ನಡುವೆ ಕೂರುತ್ತದೆ.

ಮ್ಯಾಂಗನೈಟ್ ಸಹಿಸಿಕೊಳ್ಳುವ ಗುಣದ್ದು, ಇಷ್ಟಕ್ಕೇ ಇನ್ಸುಲೇಟರ್ ಆಗುವುದಿಲ್ಲ. ಆದರೆ ಫೆಬ್ರವರಿಯ ಬ್ಯಾಚ್ ಒಂದು ತರ, ಆಗಸ್ಟಿನ ಬ್ಯಾಚ್ ಇನ್ನೊಂದು ತರ ಬಂದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಒಂದು ಗ್ರಾಂ ಪುಡಿಯನ್ನು 1000 ಡಿಗ್ರಿಯಲ್ಲಿ ಕಾಯಿಸಿ ಮತ್ತೆ ತೂಗಿ, ಎಷ್ಟು ಕಳೆಯಿತು ಎಂದು ತಿಳಿಯುತ್ತದೆ. ಪ್ರತಿ ಸಲ ಕಾಯಿಸಿ, ಡೆಸಿಕೇಟರ್‌ನಲ್ಲಿ ತಣಿಸಿ, ತಕ್ಷಣ ತೂಗುವುದೇ ಸರಿ. ಡೆಸಿಕೇಟರಿನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ಅದರೊಳಗೆ ಇಟ್ಟರೂ ಒಂದೇ, ಹೊರಗೆ ಇಟ್ಟರೂ ಒಂದೇ.

ಸುಟ್ಟಾಗ ಗಟ್ಟಿಯಾಗಿದ್ದ ಪೆಲೆಟ್ ಕೆಲವು ದಿನ ಬಿಟ್ಟು ಡಬ್ಬಿಯಲ್ಲೇ ಬಿರುಕು ಬಿಟ್ಟು ಉದುರಿದರೆ ಅದು ಇದರ ಉಲ್ಟಾ ದೋಷ. ಲ್ಯಾಂಥನಮ್ ಆಕ್ಸೈಡ್ ಪೂರ್ತಿ ಸೇರದೆ ಒಳಗೆ ಉಳಿದಿದೆ. ಅದು ತೇವ ಹೀರಿ ಉಬ್ಬಿ ಪೆಲೆಟ್ಟನ್ನು ಒಡೆದಿದೆ. ಮತ್ತೆ ಅರೆದು, ಮತ್ತೆ ಒತ್ತಿ, ಮತ್ತೆ ಸುಡುವುದೇ ಮದ್ದು.

ಕಾಳುಗಳ ಗಡಿ

ಒಳಗೆ ಎಲ್ಲ ಸರಿ ಇದ್ದು ಒಟ್ಟು ರೋಧ ಮಾತ್ರ ಜಾಸ್ತಿ ಇದ್ದರೆ ಗಡಿಗಳನ್ನು ನೋಡಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಕಾರವಾರದಿಂದ ಹೊನ್ನಾವರದಾಚೆ ಹೋಗುವವರನ್ನು ರಸ್ತೆ ತಡೆಯುತ್ತಿರಲಿಲ್ಲ. ಗಂಗಾವಳಿ, ಅಘನಾಶಿನಿ, ಶರಾವತಿಯ ದಂಡೆಯಲ್ಲಿ ದೋಣಿಗೆ ಕಾಯುವುದೇ ತಡೆ. ಪೆಲೆಟ್‌ನಲ್ಲಿ ಎಲೆಕ್ಟ್ರಾನಿನ ಪಾಡೂ ಅಷ್ಟೇ. ಕಾಳಿನೊಳಗೆ ಸಲೀಸು, ಗಡಿಯಲ್ಲಿ ಕಾಯಬೇಕು. ಡಿ.ಸಿ. ಅಳತೆ ಒಟ್ಟು ಮೊತ್ತ ಮಾತ್ರ ಹೇಳುತ್ತದೆ. ಬೇರೆ ಬೇರೆ ಫ್ರೀಕ್ವೆನ್ಸಿಯ ಎ.ಸಿ. ಕೊಟ್ಟು ಅದಕ್ಕೆ ಬರುವ ತಡೆ, ಅಂದರೆ ಇಂಪಿಡೆನ್ಸ್ ಅಳೆದು ಗ್ರಾಫ್ ಹಾಕಿದರೆ ಕಾಳು, ಗಡಿ ಎರಡೂ ಬೇರೆ ಬೇರೆ ಅರ್ಧವೃತ್ತಗಳಾಗಿ ಕಾಣುತ್ತವೆ. ಯಾವುದು ಯಾವುದೆಂದು ಕೆಪಾಸಿಟೆನ್ಸ್ ನೋಡಿ ಹೇಳಬಹುದು. ಪಿಕೊಫ್ಯಾರಡ್ ಮಟ್ಟದ್ದು ಕಾಳಿನ ಒಳಗಿನದು, ನ್ಯಾನೊಫ್ಯಾರಡ್ ಹತ್ತಿರದ್ದು ಗಡಿಯದು, ಮೈಕ್ರೊಫ್ಯಾರಡ್ ಹತ್ತಿರದ್ದು ಎಲೆಕ್ಟ್ರೋಡಿನದು. ಗಡಿಯದೇ ದೊಡ್ಡದಾದರೆ ಡೋಪಿಂಗ್ ಮುಟ್ಟಬೇಡಿ. ಇನ್ನೂ ಜಾಸ್ತಿ ಹೊತ್ತು ಸುಟ್ಟು ಕಾಳು ದೊಡ್ಡದು ಮಾಡಿ. ಆಗ ದಾಟಬೇಕಾದ ಗಡಿಗಳೇ ಕಡಿಮೆಯಾಗುತ್ತವೆ.

ದೋಷದಂತೆ ಕಾಣುವ, ದೋಷವಲ್ಲದ ಸಂಗತಿಗಳು

ಡೋಪ್ ಮಾಡದ ಲ್ಯಾಂಥನಮ್ ಮ್ಯಾಂಗನೈಟೂ ಕರೆಂಟ್ ಒಯ್ಯುತ್ತಿದೆ ಎಂದು ಗಾಬರಿ ಬೀಳುತ್ತಾರೆ. ಗಾಳಿಯಲ್ಲಿ ಸುಟ್ಟರೆ ಅದು ಜಾಸ್ತಿ ಆಕ್ಸಿಜನ್ ಹಿಡಿದುಕೊಂಡು ತನ್ನಷ್ಟಕ್ಕೆ ನಾಲ್ಕು ಪ್ಲಸ್ ಮ್ಯಾಂಗನೀಸ್ ಮಾಡಿಕೊಳ್ಳುತ್ತದೆ. ಕಡಿಮೆ ಉಷ್ಣತೆಯಲ್ಲಿ ಸುಟ್ಟಷ್ಟೂ ಇದು ಜಾಸ್ತಿ. ಹೋಲಿಕೆಗೆ ಇಟ್ಟುಕೊಂಡ ಶೂನ್ಯ ಡೋಪಿಂಗ್ ನಿಜಕ್ಕೂ ಶೂನ್ಯವಲ್ಲ.

30 ಪರ್ಸೆಂಟ್ ಸ್ಟ್ರಾನ್ಶಿಯಮ್ ಬದಲು 30 ಪರ್ಸೆಂಟ್ ಕ್ಯಾಲ್ಸಿಯಮ್ ಹಾಕಿದವರಿಗೆ ಕೋಣೆಯ ಉಷ್ಣತೆಯಲ್ಲಿ ರೋಧ ಜಾಸ್ತಿ ಬರುತ್ತದೆ. ಚಾರ್ಜ್ ಒಂದೇ ಅಲ್ವಾ ಎಂದು ಕೇಳುತ್ತಾರೆ. ಚಾರ್ಜ್ ಒಂದೇ, ಗಾತ್ರ ಬೇರೆ. ಹನ್ನೆರಡು ಆಕ್ಸಿಜನ್ ನಡುವೆ ಕೂತಾಗ ಸ್ಟ್ರಾನ್ಶಿಯಮ್‌ನ ತ್ರಿಜ್ಯ 1.44 ಆಂಗ್‌ಸ್ಟ್ರಮ್, ಕ್ಯಾಲ್ಸಿಯಮ್‌ನದು 1.34. ಸಣ್ಣ ಅಯಾನ್ ಕೂತಾಗ ಸುತ್ತಲಿನ ಚೌಕಟ್ಟು ವಾಲುತ್ತದೆ. ಮ್ಯಾಂಗನೀಸ್, ಆಕ್ಸಿಜನ್, ಮ್ಯಾಂಗನೀಸ್ ಸಾಲು ಬಾಗುತ್ತದೆ, ಎಲೆಕ್ಟ್ರಾನಿಗೆ ದಾಟುವುದು ಕಷ್ಟವಾಗುತ್ತದೆ. ಗೋಲ್ಡ್‌ಶ್ಮಿಟ್ 1926ರಲ್ಲಿ ಕೊಟ್ಟ ಟಾಲರೆನ್ಸ್ ಫ್ಯಾಕ್ಟರ್ ಎಂಬ, ಅಯಾನುಗಳ ಗಾತ್ರ ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡುವ ಸರಳ ಲೆಕ್ಕ ಇಂಥ ಕಡೆ ಈಗಲೂ ಉಪಯೋಗಕ್ಕೆ ಬರುತ್ತದೆ. ಮ್ಯಾಂಗನೀಸ್‌ನಿಂದ ಮ್ಯಾಂಗನೀಸ್‌ಗೆ ಎಲೆಕ್ಟ್ರಾನ್ ಹೇಗೆ ದಾಟುತ್ತದೆ, ಕಾಂತಗುಣ ಅದರ ಜೊತೆ ಯಾಕೆ ಬರುತ್ತದೆ ಎಂಬುದನ್ನು ಜೀನರ್ 1951ರಲ್ಲಿ ವಿವರಿಸಿದರು. ನಮ್ಮವರೇ ಆದ ಸಿ.ಎನ್.ಆರ್. ರಾವ್ ಇದೇ ಜಾತಿಯ ಆಕ್ಸೈಡ್‌ಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಸ್ಟ್ರಾನ್ಶಿಯಮ್ ಹಾಕಿದ್ದು ಸುಮಾರು 370 ಕೆಲ್ವಿನ್ ತನಕ ಲೋಹದಂತೆ ವರ್ತಿಸುತ್ತದೆ, ಅಂದರೆ ಬಿಸಿ ಮಾಡಿದರೆ ರೋಧ ಏರುತ್ತದೆ. ಅದನ್ನು ತೇವದ ದೋಷ ಎಂದುಕೊಳ್ಳಬೇಡಿ.

ಕೋಬಾಲ್ಟ್ ಮತ್ತು ಕಬ್ಬಿಣ ಇರುವ ಪೆರೋವ್‌ಸ್ಕೈಟ್‌ಗಳಲ್ಲಿ 600 ಡಿಗ್ರಿ ಸುತ್ತಮುತ್ತ ವಾಹಕತೆ ಶಿಖರ ಮುಟ್ಟಿ ಆಮೇಲೆ ಇಳಿಯುತ್ತದೆ. ಥರ್ಮೋಕಪಲ್ ಕೆಟ್ಟಿಲ್ಲ. ಬಿಸಿಗೆ ಆಕ್ಸಿಜನ್ ಹೊರಗೆ ಹೋಗುತ್ತಿದೆ. ಹೋದ ಒಂದೊಂದು ಆಕ್ಸಿಜನ್ನೂ ಎರಡು ಹೋಲ್ ಕಳೆಯುತ್ತದೆ. ಏರುವಾಗಿನ ಓದು, ಇಳಿಯುವಾಗಿನ ಓದು ಹೊಂದದಿದ್ದರೆ ಒಂದೊಂದು ಉಷ್ಣತೆಯಲ್ಲೂ ಓದು ನಿಲ್ಲುವ ತನಕ ಕಾಯಿರಿ.

ಇಷ್ಟಾದ ಮೇಲೂ ಡೋಪಂಟ್ ಮೇಲೆಯೇ ಅನುಮಾನ ಇದ್ದರೆ ಎಕ್ಸ್‌ಆರ್‌ಡಿ ರಿಪೋರ್ಟ್ ಹಿಡಿದು ವಾದ ಮಾಡಬೇಡಿ. ಎರಡು ಮೂರು ಪರ್ಸೆಂಟಿಗಿಂತ ಕಡಿಮೆ ಇರುವ ಬೇರೆ ವಸ್ತು ಸಾಮಾನ್ಯ ಎಕ್ಸ್‌ಆರ್‌ಡಿಗೆ ಕಾಣುವುದೇ ಇಲ್ಲ. ಅದರ ಬದಲು ಸೋಲ್ಡರಿಂಗ್ ಐರನ್ ತನ್ನಿ. ಮೀಟರನ್ನು ಮಿಲಿವೋಲ್ಟಿಗೆ ಇಟ್ಟು ಎರಡೂ ಮೊನೆಗಳನ್ನು ಪೆಲೆಟ್ ಮೇಲೆ ಒತ್ತಿ, ಪ್ಲಸ್ ಮೊನೆಯ ಬುಡವನ್ನು ಐರನ್ನಿನಿಂದ ಬಿಸಿ ಮಾಡಿ. ಓದು ಪ್ಲಸ್ ಬಂದರೆ ಹರಿಯುತ್ತಿರುವುದು ಎಲೆಕ್ಟ್ರಾನ್, ಮೈನಸ್ ಬಂದರೆ ಹೋಲ್. 30 ಪರ್ಸೆಂಟ್ ಸ್ಟ್ರಾನ್ಶಿಯಮ್ ಇರುವ ಮ್ಯಾಂಗನೈಟಿಗೆ ಈ ಪರೀಕ್ಷೆ ಬೇಡ, ಅಲ್ಲಿ ವೋಲ್ಟೇಜ್ ತೀರಾ ಸಣ್ಣದು, ಚಿಹ್ನೆಯೂ ಆಚೀಚೆ ಆಗುತ್ತದೆ. ಟೈಟನೇಟ್‌ಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ನಯೋಬಿಯಮ್ ಅಥವಾ ಲ್ಯಾಂಥನಮ್ ಹಾಕಿದ ಟೈಟನೇಟ್ ಮೈನಸ್ ತೋರಿಸಿದರೆ ಅಕ್ಸೆಪ್ಟರ್ ಕಲ್ಮಶ ಮೇಲುಗೈ ಸಾಧಿಸಿದೆ. ಆಗ ಬಾಟಲಿ, ಒರಳು, ನೀರು ಈ ಮೂರನ್ನೂ ಬದಲಿಸಿ ಸಣ್ಣ ಬ್ಯಾಚ್ ಒಂದನ್ನು ಮಾಡಿ ನೋಡಿ.